ಪೋರ್ಷೆಯ ಕೆಳಗೆ ನಾಲ್ಕು ಹನಿ

ಜರ್ಮನಿಯ ಪೋರ್ಷೆ ಕಂಪನಿಯ 944 ಎಂಬ ಸ್ಪೋರ್ಟ್ಸ್ ಕಾರು ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ನಿಂತದ್ದು 1991ರಲ್ಲಿ. ಅಷ್ಟರಲ್ಲಿ 1.6 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಹೊಸದಿದ್ದಾಗ ಅದು ಉಳ್ಳವರ ಸೊತ್ತು. ಹಳತಾದ ಮೇಲೆ, ಪೋರ್ಷೆ ಎಂಬ ಹೆಸರಿಗೆ ಮನಸೋತು ತಾವೇ ಸ್ಪ್ಯಾನರ್ ಹಿಡಿಯುವ ಹುಮ್ಮಸ್ಸಿನ ಯುವಕರ ಕೈಗೂ ಬಂತು. ಅಂಥ ಒಂದು ಕಾರಿನ ಕೆಳಗೆ ಬೆಳಿಗ್ಗೆ ನಾಲ್ಕು ಹನಿ ಬಣ್ಣದ ನೀರು ಬಿದ್ದಿದೆ ಎನ್ನೋಣ. ನೆಲ ಒರೆಸಿ ಹೊರಟುಬಿಡಬಹುದೇ?

ಕೂಡದು. ಯಾಕೆಂದು ತಿಳಿಯಲು ಎಂಜಿನ್ನಿನೊಳಗೆ ಇಣುಕಬೇಕು. ಪೆಟ್ರೋಲ್ ಉರಿಯುವಾಗ ಸಿಲಿಂಡರಿನಲ್ಲಿ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 944ರ ಎಂಜಿನ್ ಅಲ್ಯೂಮಿನಿಯಂ ಮಿಶ್ರಲೋಹದ್ದು; ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆದರೂ ಎಂಜಿನ್ ಉಳಿಯುವುದು ಸಿಲಿಂಡರಿನ ಗೋಡೆಯ ಸುತ್ತ ನೀರು ಬಿಡುವಿಲ್ಲದೆ ಹರಿಯುವುದರಿಂದ. ಈ ನೀರನ್ನು ಒತ್ತಡದಲ್ಲಿಟ್ಟಿರುತ್ತಾರೆ. ಅಡುಗೆಮನೆಯ ಕುಕ್ಕರಿನಂತೆ ಇಲ್ಲಿಯೂ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದನ್ನು ಓಡಿಸುವುದು ವಾಟರ್ ಪಂಪ್. ತೋಟದ ಪಂಪ್‌ಸೆಟ್ಟಿನದೇ ತತ್ವ: ತಿರುಗುವ ಚಕ್ರ ನೀರನ್ನು ಹೊರಕ್ಕೆ ಚಿಮ್ಮಿಸುತ್ತದೆ.

ಪಂಪಿನ ಅಚ್ಚಿನ ಸುತ್ತ ಒಂದು ಸೀಲು, ಅದರ ಹಿಂದೆ ಬೇರಿಂಗ್. ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬೀಳಲೆಂದೇ ನಡುವೆ ಸಣ್ಣ ಕಿಂಡಿಯೊಂದಿರುತ್ತದೆ. ಹನಿ ಹೋಸ್ ಪೈಪಿನದಲ್ಲ, ಈ ಕಿಂಡಿಯದೇ ಎಂದು ಖಚಿತವಾದರೆ ಪಂಪಿನ ಆಯುಸ್ಸು ಮುಗಿಯಿತೆಂದೇ ಅರ್ಥ. ಕಿಂಡಿಗೆ ಅಂಟು ಮೆತ್ತುವ ಜಾಣತನ ಬೇಡ. ನೀರು ಬೇರಿಂಗಿನತ್ತ ತಿರುಗುತ್ತದೆ, ಅಷ್ಟೆ.

ಬೇರಿಂಗ್ ಕೆಟ್ಟರೆ ಏನಾಗುತ್ತದೆ? ಬ್ರಿಟನ್ನಿನ ಹಳೆಯ ಎಂಜಿಬಿ ಕಾರಿನಲ್ಲಾದರೆ ಪಂಪನ್ನು ತಿರುಗಿಸುವುದು ಫ್ಯಾನ್ ಬೆಲ್ಟ್. ಪಂಪ್ ನಿಂತರೆ ಎಂಜಿನ್ ಬಿಸಿಯಾಗುತ್ತದೆ. ಮುಳ್ಳು ನೋಡಿ ಕಾರು ನಿಲ್ಲಿಸಿದರೆ ಸಾಕು. 944ರಲ್ಲಿ ಹಾಗಲ್ಲ. ಇಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟಿನ ಬೆನ್ನು. ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ತಿರುಗುವುದೂ ಇದೇ ಬೆಲ್ಟಿನಿಂದ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಕವಾಟವೂ ಸೆಕೆಂಡಿಗೆ 50 ಸಲ ತೆರೆಯುತ್ತದೆ, ಪಿಸ್ಟನ್ ಮೇಲೆ ಬರುವ ಮೊದಲೇ ಹಿಂದೆ ಸರಿಯುತ್ತದೆ. ಪಂಪ್ ಬಿಗಿದುಕೊಂಡು ಬೆಲ್ಟ್ ಹರಿದರೆ ಕ್ಯಾಮ್‌ಶಾಫ್ಟ್ ಇದ್ದಲ್ಲೇ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದ ಕವಾಟಗಳು ಬಡಿಸಿಕೊಂಡು ಬಾಗುತ್ತವೆ. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5ರಲ್ಲೂ ಟೈಮಿಂಗ್ ಬೆಲ್ಟೇ ಇತ್ತು. ಆದರೆ ಅಲ್ಲಿ ಪಿಸ್ಟನ್ನಿಗೂ ಕವಾಟಕ್ಕೂ ಮುಟ್ಟದಷ್ಟು ಅಂತರ ಬಿಟ್ಟಿದ್ದರು. ಬೆಲ್ಟ್ ಹರಿದರೆ ಕಾರು ನಿಲ್ಲುತ್ತಿತ್ತು, ಎಂಜಿನ್ ಉಳಿಯುತ್ತಿತ್ತು. ಈ ಒಂದು ವಿಷಯದಲ್ಲಿ ಜಪಾನೀಯರಿಗೇ ಹೆಚ್ಚು ಅಂಕ ಕೊಡಬೇಕು.

ಪಂಪ್ ಬದಲಿಸುವುದು ಇಡೀ ದಿನದ ಕೆಲಸ, ಹೊಸಬರಿಗೆ ಎರಡು ದಿನ. ನೀರು ಬಸಿದು, ಫ್ಯಾನುಗಳನ್ನೂ ಮುಂದಿನ ಕವಚಗಳನ್ನೂ ಬಿಚ್ಚಬೇಕು. ಒಂದನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರುವಂತೆ ಎಂಜಿನ್ ತಿರುಗಿಸಿ, ಗುರುತುಗಳನ್ನು ಸರಿಹೊಂದಿಸಿದ ಮೇಲಷ್ಟೇ ಬೆಲ್ಟಿಗೆ ಕೈ ಹಾಕಬೇಕು. ಬೆಲ್ಟ್ ಒಂದಲ್ಲ, ಎರಡು. ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟುಗಳಿಗೆ ಬೇರೆಯೇ ಬೆಲ್ಟಿದೆ. (ಆ ಶಾಫ್ಟುಗಳ ಪೇಟೆಂಟಿಗಾಗಿ ಪೋರ್ಷೆ ಮಿತ್ಸುಬಿಷಿಗೆ ಹಣ ತೆರಬೇಕಾಯಿತು.)

ನಿಜವಾದ ಪರೀಕ್ಷೆ ಮುಂದಿದೆ. ಪಂಪನ್ನು ಹಿಡಿದಿರುವ ಉಕ್ಕಿನ ಸಣ್ಣ ಬೋಲ್ಟುಗಳು ವರ್ಷಗಟ್ಟಲೆ ಅಲ್ಯೂಮಿನಿಯಮ್ಮಿನಲ್ಲಿ ಕೂತು ಕಿಲುಬು ಹಿಡಿದಿರುತ್ತವೆ. ಬಲ ಪ್ರಯೋಗಿಸಿದರೆ ತಲೆ ಕತ್ತರಿಸಿ ಕೈಗೆ ಬರುತ್ತದೆ, ಬುಡ ಎಂಜಿನ್ನಿನಲ್ಲೇ ಉಳಿಯುತ್ತದೆ. ಎಣ್ಣೆ ಬಿಟ್ಟು, ಹದವಾಗಿ ಕಾಯಿಸಿ, ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಆಡಿಸುತ್ತ ಬಿಡಿಸಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಉಳಿಯಿಂದ ಕೆರೆದರೆ ಮೆತ್ತನೆಯ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಹೊಸ ಪಂಪೂ ಸೋರುತ್ತದೆ.

ಥರ್ಮೋಸ್ಟಾಟ್ ಇರುವುದು ಪಂಪಿನೊಳಗೇ. ಜೊತೆಗೇ ಬದಲಿಸುವುದು ಲೇಸು. ಬೆಲ್ಟುಗಳೂ ಹೊಸವೇ ಆಗಲಿ. ಹಾಗೆಯೇ, ಅವಧಿ ಮುಗಿದು ಬೆಲ್ಟ್ ಬದಲಿಸುವಾಗ ಸೋರದ ಹಳೆಯ ಪಂಪನ್ನು ಹಾಗೇ ಬಿಡುವುದು ತಪ್ಪು ಉಳಿತಾಯ. ಅದು ಆರು ತಿಂಗಳ ನಂತರ ಸೋರಿದರೆ ಇಷ್ಟೂ ಕೆಲಸ ಮೊದಲಿನಿಂದ ಮಾಡಬೇಕು; ಬಿಗಿದುಕೊಂಡರೆ ಹೊಸ ಬೆಲ್ಟಿಗೂ ಉಳಿಗಾಲವಿಲ್ಲ.

ಬೆಲ್ಟ್ ಸಡಿಲವಾದರೆ ಹಲ್ಲು ಜಾರುತ್ತದೆ, ಅತಿ ಬಿಗಿಯಾದರೆ ಪಂಪಿನ ಬೇರಿಂಗ್ ಸವೆಯುತ್ತದೆ. ಎಲ್ಲ ಕೂಡಿಸಿದ ಮೇಲೆ ಕೀಲಿ ತಿರುಗಿಸುವ ಆತುರ ಸಲ್ಲದು. ಸ್ಪ್ಯಾನರಿನಿಂದ ಕೈಯಾರೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಂಜಿನ್ನನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎರಡು ಸುತ್ತು ಏಕೆಂದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ಮುಗಿಸಲು ಅಷ್ಟು ಬೇಕು. ಎಲ್ಲೂ ತಡೆಯದೆ ತಿರುಗಿ, ಗುರುತುಗಳು ಮತ್ತೆ ಕೂಡಿದರೆ ನೀರು ತುಂಬಬಹುದು. ಆಗ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು.

ಬಸಿದ ಹಳೆಯ ನೀರನ್ನು ಚರಂಡಿಗೆ ಚೆಲ್ಲಬಾರದು, ಅಂಗಳದಲ್ಲಿ ತೆರೆದಿಡಲೂಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ ನೆಕ್ಕಿದರೆ ಬದುಕುವುದು ಕಷ್ಟ.