ಎಡೆದೊರೆಯ ನೀರು ಮತ್ತು ರಸಾಯನ ಪದವೀಧರ

ರಾಯಚೂರು ನಗರದ ಯಾವ ಬೀದಿಯಲ್ಲಿ ನಿಂತು ‘ಕೆಮಿಸ್ಟ್ ಎಲ್ಲಿದ್ದಾರೆ?’ ಎಂದು ಕೇಳಿದರೂ ಜನ ಔಷಧದ ಅಂಗಡಿಯತ್ತ ಕೈ ತೋರುವರು. ಅದು ಅವರ ತಪ್ಪಲ್ಲ. ಮದ್ದು ಮಾರುವವನಿಗೂ, ಪ್ರಯೋಗಶಾಲೆಯಲ್ಲಿ ಕುಳಿತು ವಸ್ತುವಿನ ಗುಣಧರ್ಮಗಳನ್ನು ಶೋಧಿಸುವವನಿಗೂ ಇಂಗ್ಲಿಷರು ಒಂದೇ ಹೆಸರನ್ನಿಟ್ಟರು. ಆ ಹೆಸರು ಅಂಗಡಿಯ ಫಲಕವನ್ನೇರಿ ನಮ್ಮ ಊರುಗಳಿಗೂ ಬಂದಿತು. ಮೊದಲನೆಯವನಿಗೆ ಔಷಧಶಾಸ್ತ್ರದ ಡಿಪ್ಲೊಮಾವೋ ಪದವಿಯೋ ಇರಬೇಕು, ನೋಂದಣಿಯಾಗಿರಬೇಕು. ಅವನ ಹಾದಿ ಸ್ಪಷ್ಟ. ಎರಡನೆಯವನು, ಅಂದರೆ ನಿಜವಾದ ರಸಾಯನಜ್ಞನು, ಫಲಕವಿಲ್ಲದ ಮನುಷ್ಯ. ಅವನು ಎಲ್ಲಿ ಕೆಲಸ ಮಾಡುತ್ತಾನೆ, ಏನು ಮಾಡುತ್ತಾನೆ ಎಂಬುದನ್ನು ಬಿ.ಎಸ್‌ಸಿ. ಓದುತ್ತಿರುವ ಹುಡುಗನ ತಂದೆತಾಯಿಗಳೇ ಅರಿಯರು. ಹಲವು ವೇಳೆ ಆ ಹುಡುಗನೂ ಅರಿಯನು.

ಪ್ರತಿ ವರ್ಷವೂ ದೇವದುರ್ಗ, ಮಾನ್ವಿ, ರಾಯಚೂರುಗಳ ಕಾಲೇಜುಗಳಿಂದ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ತರುಣ ತರುಣಿಯರು ಹೊರಬೀಳುತ್ತಾರೆ. ಅವರ ಮುಂದೆ ಹಿರಿಯರು ಇಡುವ ಮಾತು ಒಂದೇ: ‘ಬಿ.ಎಡ್. ಮಾಡು, ಮೇಷ್ಟ್ರಾಗು.’ ಮೇಷ್ಟ್ರ ಕೆಲಸ ಹೀನವೆಂದು ನಾನು ಹೇಳುತ್ತಿಲ್ಲ. ಈ ಸೀಮೆಗೆ ಒಳ್ಳೆಯ ವಿಜ್ಞಾನ ಶಿಕ್ಷಕರ ಅಗತ್ಯ ಎಷ್ಟಿದೆಯೆಂಬುದನ್ನು ಬಲ್ಲವರೇ ಬಲ್ಲರು. ಆದರೆ ರಸಾಯನ ವಿದ್ಯೆಯ ಅಗತ್ಯ ಅನ್ನದಷ್ಟೇ ಇರುವ ನೆಲದಲ್ಲಿ, ಆ ವಿದ್ಯೆಯನ್ನು ಕಲಿತವನು ಅದನ್ನು ಬಿಟ್ಟು ಮತ್ತೇನನ್ನಾದರೂ ಮಾಡಬೇಕಾಗಿ ಬಂದಿರುವುದು ಯೋಚನೆಗೆ ಅರ್ಹವಾದ ಸಂಗತಿ.

ಅಗತ್ಯವೆಂದೆನಷ್ಟೆ, ಅದಕ್ಕೆ ಎಲ್ಲಕ್ಕಿಂತ ಮೊದಲ ಸಾಕ್ಷಿ ನೀರು. ಕೃಷ್ಣೆ ತುಂಗಭದ್ರೆಯರ ನಡುವಣ ಈ ಭೂಮಿಯನ್ನು ನಮ್ಮ ಪೂರ್ವಿಕರು ಎಡೆದೊರೆ ನಾಡೆಂದು ಕರೆದರು. ಎರಡು ಹೊಳೆಗಳ ನಡುವೆ ಇದ್ದೂ ಕುಡಿಯುವ ನೀರಿಗೆ ಅಂಜಬೇಕಾದ ಪ್ರಾರಬ್ಧ ಇಲ್ಲಿನ ಜನರದು. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದ ನಲ್ಲಿಗಳಲ್ಲಿ ಬಂದ ಕಲುಷಿತ ನೀರನ್ನು ಕುಡಿದು ಹಲವರು ಪ್ರಾಣ ಬಿಟ್ಟರು. ಅನೇಕ ಮಂದಿ ವಾಂತಿಭೇದಿಯಿಂದ ನರಳಿ ಆಸ್ಪತ್ರೆ ಸೇರಿದರು. ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆ ಹೇಗಿತ್ತೆಂಬುದು ಆಗ ರಾಜ್ಯವೆಲ್ಲ ಕೇಳಿದ ಪ್ರಶ್ನೆಯಾಯಿತು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಇಂಥದೇ ನೀರು ಕುಡಿದ ಜನ ಹಾಸಿಗೆ ಹಿಡಿದರು, ಒಂದು ಮಗು ತೀರಿಕೊಂಡಿತು.

ಇಂಥ ದುರಂತವಾದಾಗ ಪರಿಹಾರಧನ ಬರುತ್ತದೆ, ತನಿಖೆ ನಡೆಯುತ್ತದೆ, ಹೊಸ ಕೊಳವೆ ಹಾಕುವ ಮಾತು ಕೇಳಿಬರುತ್ತದೆ. ಕೊಳವೆಯೊಳಗಿನ ನೀರನ್ನು ದಿನವೂ ಪರೀಕ್ಷಿಸುವವನು ಯಾರು ಎಂಬ ಮಾತು ಅಷ್ಟಾಗಿ ಕೇಳುವುದಿಲ್ಲ. ನದಿಯ ನೀರು ಒಂದೇ ಬಗೆಯಾಗಿ ಬರುವುದಲ್ಲ. ಬೇಸಗೆಯ ನೀರು ಬೇರೆ, ಮೊದಲ ಮಳೆಯ ಕೆಂಪು ನೀರು ಬೇರೆ. ಕೆಸರನ್ನು ಕೂರಿಸಲು ಹಾಕುವ ಪಟಿಕದ ಪ್ರಮಾಣವನ್ನು ಅಂದಂದಿನ ನೀರನ್ನು ನೋಡಿಯೇ ಗೊತ್ತುಮಾಡಬೇಕು. ಅದಕ್ಕೆ ಸಾಲಾಗಿ ಆರು ಜಾಡಿಗಳಲ್ಲಿ ನೀರು ಹಿಡಿದು, ಒಂದೊಂದರಲ್ಲಿ ಒಂದೊಂದು ಅಳತೆಯ ಪಟಿಕ ಬೆರೆಸಿ, ಕಲಕಿ, ಯಾವುದು ಬೇಗ ತಿಳಿಯಾಗುವುದೆಂದು ನೋಡುವ ಸರಳ ಪರೀಕ್ಷೆಯೊಂದುಂಟು. ಆಮೇಲೆ ಕ್ಲೋರಿನ್. ಘಟಕದಲ್ಲಿ ಹಾಕಿದ ಕ್ಲೋರಿನ್ನು ಊರ ತುದಿಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಉಳಿದಿರಬೇಕೆಂಬುದು ನಿಯಮ. ಉಳಿಯದಿದ್ದರೆ ದಾರಿಯಲ್ಲಿ ಎಲ್ಲಿಯೋ ಕೊಳೆ ಸೇರಿ ಅದನ್ನು ತಿಂದುಹಾಕಿತೆಂದು ಅರ್ಥ. ಇದು ಬಿ.ಎಸ್‌ಸಿ. ಮೊದಲ ವರ್ಷದ ವಿದ್ಯಾರ್ಥಿಗೆ ಕಷ್ಟವಾದ ವಿದ್ಯೆಯಲ್ಲ. ಬೇಕಾದದ್ದು ಪ್ರತಿದಿನ ಅದನ್ನು ಮಾಡುವ ಒಬ್ಬ ಮನುಷ್ಯ, ಮತ್ತು ಅವನು ಬರೆದ ಅಂಕಿಯನ್ನು ನೋಡಿ ಪಂಪು ನಿಲ್ಲಿಸಬಲ್ಲ ಮೇಲಧಿಕಾರಿ.

ಹೊಳೆಯ ನೀರಿನ ಕಥೆ ಇದಾದರೆ ಕೊಳವೆಬಾವಿಯದು ಇನ್ನೊಂದು. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕೆಲವು ಕಡೆ ಆರ್ಸೆನಿಕ್ ಕೂಡ ಇದೆ. ಫ್ಲೋರೈಡು ಗಟ್ಟಿ ಕಲ್ಲಿನಿಂದ ಮೆಲ್ಲನೆ ಕರಗಿ ಬರುವಂಥದು. ಮಳೆ ಕಡಿಮೆಯಾಗಿ ಬಾವಿ ಆಳಕ್ಕಿಳಿದಷ್ಟೂ ಅದರ ಕಾಟ ಹೆಚ್ಚು. ಆರ್ಸೆನಿಕ್ಕು ಚಿನ್ನದ ನಂಟ. ಹಟ್ಟಿ–ಮಸ್ಕಿಯ ಶಿಲಾಪಟ್ಟಿಯಲ್ಲಿ ಚಿನ್ನದ ಜೊತೆಗೇ ಗಂಧಕ, ಆರ್ಸೆನಿಕ್ ಕೂಡಿದ ಖನಿಜಗಳೂ ಇವೆ. ಹಳಬರು ಪಾಷಾಣವೆಂದು ಕರೆದ ಈ ವಿಷಕ್ಕೆ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಬಾರದು. ಅಷ್ಟು ಸಣ್ಣ ಮೊತ್ತವನ್ನು ಕಣ್ಣು, ಮೂಗು, ನಾಲಗೆಗಳು ಹಿಡಿಯಲಾರವು, ರಸಾಯನವೇ ಹಿಡಿಯಬೇಕು. ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲುಗಳ ಚರ್ಮ ಗಡುಸಾಗಿ ಕಲೆ ಬಿದ್ದ ಮೇಲೆ ಎಚ್ಚತ್ತುಕೊಳ್ಳುವುದಾದರೆ ಪ್ರಯೋಗಶಾಲೆ ಇದ್ದೂ ಇಲ್ಲದಂತೆ.

ಚಿನ್ನದ ಮಾತು ಬಂದಿತು. ಲಿಂಗಸೂಗೂರು ತಾಲೂಕಿನ ಹಟ್ಟಿಯ ಗಣಿ ಇಂದು ನೆನ್ನೆಯದಲ್ಲ. ಅಲ್ಲಿನ ಪ್ರಾಚೀನ ಕುಳಿಗಳು ನೂರಾರು ಅಡಿ ಆಳಕ್ಕೆ ಇಳಿದಿವೆ. ಕಲ್ಲಿಗೆ ಬೆಂಕಿಯಿಟ್ಟು ಕಾಯಿಸಿ ಒಡೆದು ಚಿನ್ನ ತೆಗೆದವರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿದ್ದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡವನೂ ಚಿನ್ನವನ್ನು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನೇ. ಹೊನ್ನನ್ನು ಅರಸಿದವನಿಗೆ ದೇವಾನಾಂಪ್ರಿಯನ ಹೆಸರು ಸಿಕ್ಕಿದ ಈ ಪ್ರಸಂಗ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಬಳಿಕ ಈ ದೇಶದಲ್ಲಿ ಚಿನ್ನದ ಗಣಿಯೆಂದರೆ ಹಟ್ಟಿಯೇ ಎಂಬಂತಾಗಿದೆ.

ಅಲ್ಲಿ ರಸಾಯನಜ್ಞನ ಕೆಲಸ ಎಂಥದು? ಒಂದು ಟನ್ನು ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ. ಎಷ್ಟು ಗ್ರಾಮೆಂದು ತಿಳಿಯದೆ ಗಣಿಯ ಕೆಲಸ ಒಂದು ಹೆಜ್ಜೆ ಮುಂದೆ ಹೋಗದು. ಪುಡಿ ಮಾಡಿದ ಅದಿರಿಗೆ ಸೀಸದ ಆಕ್ಸೈಡು, ಸೋಡ, ಬೋರಾಕ್ಸುಗಳನ್ನು ಬೆರೆಸಿ ಮೂಸೆಯಲ್ಲಿಟ್ಟು ಕಾಯಿಸುತ್ತಾರೆ. ಕರಗಿದ ಸೀಸವು ಚಿನ್ನ ಬೆಳ್ಳಿಗಳನ್ನು ತನ್ನೊಳಗೆ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಆ ಸೀಸದ ಗುಂಡನ್ನು ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಂಡು ಸಾಸಿವೆಯಂಥ ಒಂದು ಮಣಿ ಉಳಿಯುತ್ತದೆ. ಅದರ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆದು ಉಳಿದ ಚಿನ್ನವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ನಮ್ಮ ಅಕ್ಕಸಾಲಿಗರ ಪುಟಪಾಕದ ವಿದ್ಯೆಗೂ ಇದಕ್ಕೂ ನೆಂಟಸ್ತನ ಬಹಳ. ಇನ್ನು ಅದಿರಿನಿಂದ ಚಿನ್ನ ಬಿಡಿಸಲು ಸಯನೈಡು ಬೇಕು. 1887ರಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಗ್ಲಾಸ್ಗೋದಲ್ಲಿ ಕಂಡುಕೊಂಡ ವಿಧಾನವಿದು. ಆ ದ್ರಾವಣ ಸದಾ ಪ್ರತ್ಯಾಮ್ಲೀಯವಾಗಿರುವಂತೆ ಸುಣ್ಣ ಹಾಕಿ ಕಾಯಬೇಕು. ಕಾಯದೆ ಆಮ್ಲೀಯವಾದರೆ ವಿಷಾನಿಲ ಏಳುವುದು. ಸುಣ್ಣದ ಅಳತೆಯಲ್ಲಿ ಹತ್ತಾರು ಜನರ ಉಸಿರಿದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಶಾಖೋತ್ಪನ್ನ ಕೇಂದ್ರಕ್ಕೂ ರಸಾಯನಜ್ಞರಿಲ್ಲದೆ ನಡೆಯದು. ಎಂಟು ಘಟಕಗಳು, 1,720 ಮೆಗಾವಾಟ್. ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಇನ್ನೆರಡು. ಬಂದ ಕಲ್ಲಿದ್ದಲಿನ ಶಾಖವೆಷ್ಟು, ಬೂದಿಯೆಷ್ಟು ಎಂದು ಅಳೆಯಬೇಕು; ಬಾಯ್ಲರಿಗೆ ಹೋಗುವ ನೀರಿನಲ್ಲಿ ಸಿಲಿಕ, ಕರಗಿದ ಆಮ್ಲಜನಕಗಳು ಲೆಕ್ಕ ಮೀರದಂತೆ ನೋಡಿಕೊಳ್ಳಬೇಕು. ನಾವು ಕುಡಿಯುವ ನೀರಿಗಿಂತ ಬಾಯ್ಲರು ಕುಡಿಯುವ ನೀರಿನ ಮೇಲೆ ಕಾವಲು ಬಿಗಿಯಾಗಿರುವುದು ಕಾಲದ ವಿಚಿತ್ರವೆಂದೇ ಹೇಳಬೇಕು. ಹತ್ತಿಬೀಜದ ಎಣ್ಣೆ, ಅಕ್ಕಿತೌಡಿನ ಎಣ್ಣೆ ತೆಗೆಯುವಲ್ಲಿ ಆಮ್ಲಾಂಶವನ್ನು ಅಳೆಯುವವನೂ ರಸಾಯನ ಕಲಿತವನೇ. ಹತ್ತಿ, ಮೆಣಸಿನಕಾಯಿ, ಭತ್ತಗಳಿಗೆ ಸುರಿಯುವ ಕೀಟನಾಶಕದ ಶೇಷವನ್ನು ಪರೀಕ್ಷಿಸಲು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಪ್ರಯೋಗಶಾಲೆಯಿದೆ.

ಖಾಸಗಿ ಉದ್ಯಮದಲ್ಲಿ ದೊಡ್ಡ ಹೆಸರು ಶಿಲ್ಪಾ ಮೆಡಿಕೇರ್. 1987ರಲ್ಲಿ ರಾಯಚೂರಿನಲ್ಲಿಯೇ ಹುಟ್ಟಿದ ಈ ಸಂಸ್ಥೆ ಕ್ಯಾನ್ಸರ್ ಔಷಧಗಳ ಮೂಲದ್ರವ್ಯವನ್ನು ತಯಾರಿಸಿ ಹೊರದೇಶಗಳಿಗೂ ಕಳುಹಿಸುತ್ತಿದೆ. ರಾಯಚೂರಿನ ಮಣ್ಣಿನಲ್ಲಿ ಇಂಥದು ಬೆಳೆಯಲಾರದೆಂದು ಮೂಗು ಮುರಿಯುವವರಿಗೆ ಇದೊಂದು ಉತ್ತರ. ದೇವಸೂಗೂರು, ಚಿಕ್ಕಸೂಗೂರುಗಳ ಕೈಗಾರಿಕಾ ಪ್ರದೇಶದಲ್ಲಿ ಇಂಥ ಕಾರ್ಖಾನೆಗಳು ಬಂದಂತೆ ಹೊಲ, ಹಳ್ಳ, ಗಾಳಿಗಳ ಬಗ್ಗೆ ಸುತ್ತಲಿನವರ ಆತಂಕವೂ ಬಂದಿದೆ. ಅದನ್ನು ನಿವಾರಿಸುವುದಕ್ಕೂ ಅಥವಾ ನಿಜವೆಂದು ತೋರಿಸುವುದಕ್ಕೂ ಮತ್ತೆ ರಸಾಯನಜ್ಞನೇ ಬೇಕು. ಆದರೆ ಈ ಸಲ ಅವನು ಕಾರ್ಖಾನೆಯ ಸಂಬಳದವನಾಗಿರಬಾರದು.

ಇಷ್ಟೆಲ್ಲ ಇದ್ದೂ ಹುಡುಗರು ಹೈದರಾಬಾದಿನ ರೈಲು ಹತ್ತುವುದೇಕೆ? ಬೆಂಗಳೂರಿಗಿಂತ ಹೈದರಾಬಾದು ನಮಗೆ ಹತ್ತಿರ, ನಂಟೂ ಹಳೆಯದು. ಪಾಶಮೈಲಾರಂ, ಜೀಡಿಮೆಟ್ಲ, ಪಟಾನ್‌ಚೆರುಗಳ ಔಷಧ ಕಾರ್ಖಾನೆಗಳಲ್ಲಿ ಪದವೀಧರನಿಗೆ ‘ಷಿಫ್ಟ್ ಕೆಮಿಸ್ಟ್’ ಎಂಬ ಹೆಸರು ಬೇಗ ದೊರೆಯುತ್ತದೆ. ನನ್ನಲ್ಲಿ ಓದಿದ ಒಬ್ಬ ಹುಡುಗ ಅಲ್ಲಿಂದ ರಜೆಗೆ ಬಂದಿದ್ದಾಗ ಕೇಳಿದೆ: ‘ಏನು ಮಾಡುತ್ತೀಯಪ್ಪಾ ಅಲ್ಲಿ?’ ‘ರಾತ್ರಿ ಪಾಳಿ ಸರ್. ರಿಯಾಕ್ಟರಿನ ಮುಂದೆ ನಿಂತು ಗಂಟೆಗೊಮ್ಮೆ ಉಷ್ಣತೆ ಬರೆಯುತ್ತೇನೆ. ಒಳಗೆ ಏನಾಗುತ್ತಿದೆಯೋ ನನಗೆ ಹೇಳಿಲ್ಲ, ನಾನು ಕೇಳಿಯೂ ಇಲ್ಲ’ ಎಂದ. 2025ರ ಜೂನ್ 30ರಂದು ಪಾಶಮೈಲಾರಂನ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಮಡಿದ ಸುದ್ದಿ ಬಂದಾಗ ನನಗೆ ಈ ಮಾತೇ ನೆನಪಾಯಿತು. ಆ ಹುಡುಗ ಕ್ಷೇಮವಾಗಿದ್ದಾನೆ, ಬೇರೆ ಕಾರ್ಖಾನೆ. ಆದರೆ ಒಳಗೆ ಏನಾಗುತ್ತಿದೆಯೆಂದು ತಿಳಿಯದವನನ್ನು ರಸಾಯನಜ್ಞನೆಂದು ಹೇಗೆ ಕರೆಯೋಣ?

ದೋಷದ ಒಂದು ಪಾಲು ನಮ್ಮ ಬೋಧನೆಯಲ್ಲಿಯೇ ಇದೆ. ಪ್ರಯೋಗಶಾಲೆಯ ಅನಿಲದೀಪ ವರ್ಷದಲ್ಲಿ ಬಹುಕಾಲ ಉರಿಯದ ಒಂದು ಕಾಲೇಜನ್ನು ನಾನು ಬಲ್ಲೆ, ಹೆಸರು ಬೇಡ. ಅಲ್ಲಿ ಲವಣವಿಶ್ಲೇಷಣೆಯನ್ನು ವಿದ್ಯಾರ್ಥಿಗಳು ಹಳೆಯ ದಾಖಲೆ ಪುಸ್ತಕ ನೋಡಿ ಬರೆಯುತ್ತಿದ್ದರು. ಹತ್ತನೆಯ ತರಗತಿಯವರೆಗೆ ‘ಆಮ್ಲ’ ಎಂದು ಕನ್ನಡದಲ್ಲಿ ಕಲಿತ ಹುಡುಗಿ ಕಾಲೇಜಿಗೆ ಬಂದೊಡನೆ ಅದೇ ವಸ್ತುವನ್ನು ಬೇರೆ ಹೆಸರಿನಲ್ಲಿ, ಬೇರೆ ಭಾಷೆಯಲ್ಲಿ ಎದುರುಗೊಂಡು ತಬ್ಬಿಬ್ಬಾಗುತ್ತಾಳೆ. ಈ ಸೀಮೆಗೆ ಇದು ಹೊಸತಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಅದಕ್ಕೆಂದೇ ಅನುವಾದ ಕಚೇರಿಯೊಂದನ್ನು ನಡೆಸಿ, ರಸಾಯನವನ್ನು ಉರ್ದುವಿನಲ್ಲಿ ಪದವಿಯ ಮಟ್ಟದವರೆಗೆ ಕಲಿಸಿತು. ನಮ್ಮ ಹಿರಿಯರು ರಸಾಯನವನ್ನು ‘ಕೀಮಿಯಾ’ ಎಂದು ಕಲಿತರು, ನಾವು ‘ಕೆಮಿಸ್ಟ್ರಿ’ ಎಂದು ಕಲಿತೆವು. ಕನ್ನಡದ ಸರದಿ ಎರಡು ಸಲವೂ ತಪ್ಪಿತು. ಆದರೂ ದೇಶಭಾಷೆಯೊಂದು ಆ ಭಾರವನ್ನು ಹೊರಬಲ್ಲದೆಂಬುದು ಈ ನೆಲದಲ್ಲಿಯೇ ಸಿದ್ಧವಾಗಿತ್ತು ಎಂಬುದನ್ನು ಮರೆಯಲಾಗದು. ಅತ್ತ ಮೈಸೂರಿನಲ್ಲಿ ರಸಾಯನದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾಯರು ತಿಳಿಯಾದ ಕನ್ನಡದಲ್ಲಿ ವಿಜ್ಞಾನ ಬರೆದು ದಾರಿ ತೋರಿದರು. ವಿಜಯದಾಸರು, ಜಗನ್ನಾಥದಾಸರು ಬಾಳಿದ ಮಾನ್ವಿಯ ಸೀಮೆಯಲ್ಲಿ ಸೂಕ್ಷ್ಮ ವಿಚಾರಕ್ಕೆ ಕನ್ನಡ ಸಾಲದೆಂದು ಹೇಳುವವನಿಗೆ ಧೈರ್ಯ ಬೇಕು.

2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ಸಂವಿಧಾನದ 371ನೇ ಜೆ ವಿಧಿ 2013ರಲ್ಲಿ ಜಾರಿಗೆ ಬಂದು ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳನ್ನೂ ರಾಜ್ಯದ ಉಳಿದೆಡೆ 8 ಸ್ಥಾನಗಳನ್ನೂ ಇಲ್ಲಿಯವರಿಗೆ ಕಾದಿರಿಸಿತು. ಗುಲಬರ್ಗಾ ವಿಶ್ವವಿದ್ಯಾಲಯದ ಯರಗೇರಾ ಕೇಂದ್ರವೇ ಬೆಳೆದು ರಾಯಚೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಇವೆಲ್ಲ ಪ್ರವೇಶದ ಬಾಗಿಲುಗಳು. ಒಳಗೆ ಹೋಗಿ ಎಂ.ಎಸ್‌ಸಿ. ಮುಗಿಸಿ ಹೊರಬಂದವನಿಗೆ ಹುದ್ದೆಯ ಬಾಗಿಲು ಅಷ್ಟು ಅಗಲವಾಗಿಲ್ಲ. ನೀರಿನ ಪರೀಕ್ಷೆಗೆ ಜನ ಬೇಕೆಂದಾಗಲೂ ಕರೆಯುವುದು ಹೆಚ್ಚಾಗಿ ಗುತ್ತಿಗೆಯ ಮೇಲೆ. ಮುಂದಿನ ವರ್ಷ ತಾನಿರುವೆನೋ ಇಲ್ಲವೋ ಎಂಬವನು ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಸಹಿ ಹಾಕುವುದು ಸುಲಭವಲ್ಲ. ಖಾಯಂ ಹುದ್ದೆ ಎಂಬುದು ಇಲ್ಲಿ ನೌಕರನ ಸುಖದ ಪ್ರಶ್ನೆ ಮಾತ್ರವಲ್ಲ, ಅವನ ವರದಿಯ ಸತ್ಯದ ಪ್ರಶ್ನೆಯೂ ಹೌದು.

2019ರಲ್ಲಿ ಮೊದಲಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲಿಯೂ ಐವರು ಹೆಣ್ಣುಮಕ್ಕಳಿಗೆ ಪರೀಕ್ಷೆಯ ಪೆಟ್ಟಿಗೆ ಕೊಟ್ಟು ನೀರು ನೋಡುವುದನ್ನು ಕಲಿಸಬೇಕೆಂದಿದೆ. ಒಳ್ಳೆಯ ಯೋಚನೆ, ನೀರು ತರುವವರೇ ನೀರನ್ನು ನೋಡಲಿ. ಆದರೆ ಪೆಟ್ಟಿಗೆ ಸಂಶಯವನ್ನು ಹುಟ್ಟಿಸಬಲ್ಲದು. ತೀರ್ಪು ಕೊಡಬೇಕಾದದ್ದು ಪ್ರಯೋಗಶಾಲೆ. ಆರ್ಸೆನಿಕ್ಕಿಗೆಂದು ಹಿಡಿದ ನೀರಿಗೆ ಎರಡು ಹನಿ ನೈಟ್ರಿಕ್ ಆಮ್ಲ ಹಾಕಿದರೆ ಅದು ಕಾಯಬಲ್ಲದು. ಕ್ರಿಮಿಗಳ ಪರೀಕ್ಷೆಗೆ ಹಿಡಿದದ್ದು ಕಾಯುವುದಿಲ್ಲ. ಅದನ್ನು ತೊಳೆದು ಕುದಿಸಿದ ಸೀಸೆಯಲ್ಲಿ ತುಂಬಿ, ಮಂಜುಗಡ್ಡೆಯ ಮೇಲಿಟ್ಟು, ಒಂದು ದಿನದೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಬೇಗನೆ ಮುಟ್ಟಿದಷ್ಟೂ ಒಳ್ಳೆಯದು. ದೇವದುರ್ಗದಿಂದ ರಾಯಚೂರಿಗೆ ಸುಮಾರು ಐವತ್ತು ಕಿಲೋಮೀಟರು. ಮೇ ತಿಂಗಳ ಬಿಸಿಲಿನಲ್ಲಿ ಹಳ್ಳಿಯ ಸೀಸೆ ಬಸ್ಸಿಗೆ ಕಾದು, ಬಸ್ಸು ಇಳಿದು ಕಚೇರಿಯ ಮೇಜು ಸೇರುವ ಹೊತ್ತಿಗೆ ಮಂಜುಗಡ್ಡೆ ಕರಗಿರುತ್ತದೆ. ಆ ಸೀಸೆಯನ್ನು ಅಂದೇ ತೆರೆದು ನೋಡುವಂಥ ಒಬ್ಬ ಪದವೀಧರ ದೇವದುರ್ಗದಲ್ಲಿಯೇ ಇದ್ದಾನೆ. ಈ ಹೊತ್ತು ಅವನು ಹೈದರಾಬಾದಿನ ಯಾವುದೋ ರಿಯಾಕ್ಟರಿನ ಮುಂದೆ ಉಷ್ಣತೆ ಬರೆದುಕೊಳ್ಳುತ್ತಿರಬಹುದು.