ಸಂಜೆಗೆ ಮರಳದ ಲಸಿಕೆ ಪೆಟ್ಟಿಗೆ

2022ರ ಸಂಕ್ರಾಂತಿಯ ವಾರ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಮೂರು ಕೂಸುಗಳು ಸತ್ತವು. ಮೂವರಿಗೂ ಒಂದು ವರ್ಷ ದಾಟಿತ್ತು, ಎರಡು ತುಂಬಿರಲಿಲ್ಲ. ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಮೂವರಿಗೂ ದಡಾರ-ರುಬೆಲ್ಲಾ ಲಸಿಕೆ ಹಾಕಲಾಗಿತ್ತು. ಬೋಚಬಾಳದ, ನೆರೆಹಳ್ಳಿಯ ತಾಯಂದಿರು ತಾಯಿ ಕಾರ್ಡ್ ಹಿಡಿದುಕೊಂಡು, ಆಡಿಕೊಂಡಿದ್ದ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಹೋಗಿದ್ದರು. ಸೂಜಿ ಮಾಡಿಸಿಕೊಂಡು ಬಂದ ಮೇಲೆ ವಾಂತಿ ಭೇದಿ ಶುರುವಾಯಿತು. ಇನ್ನೂ ಕೆಲವು ಮಕ್ಕಳನ್ನು ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್‌ಗೆ ಒಯ್ದು ಉಳಿಸಿಕೊಳ್ಳಬೇಕಾಯಿತು. ಈ ಮೂವರು ಉಳಿಯಲಿಲ್ಲ.

ಪ್ರಾಥಮಿಕ ತನಿಖೆಯಿಂದ ಹೊರಬಂದ ಸುದ್ದಿ ಕೇಳಿ ನಾಡು ಬೆಚ್ಚಿತು. ಲಸಿಕೆಯ ಬಾಟಲಿಗಳನ್ನು ಆರೋಗ್ಯ ಕೇಂದ್ರದ ಶೀತಕದಲ್ಲಿ ಇಡುವ ಬದಲು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಡಲಾಗಿತ್ತಂತೆ. ನರ್ಸ್ ಅಮಾನತಾದರು, ಫಾರ್ಮಾಸಿಸ್ಟ್ ಅಮಾನತಾದರು. ಎರಡು ದಿನ ಟೀವಿ ತುಂಬ ಫ್ರಿಜ್ಜಿನದೇ ಮಾತು. ಮೂರನೆಯ ದಿನ ಕೊರೊನಾ ಮೂರನೇ ಅಲೆಯ ಅಂಕಿಗಳು ಬಂದು ಎಲ್ಲವನ್ನೂ ಮುಚ್ಚಿಹಾಕಿದವು.

ನನ್ನ ಸಿಟ್ಟು ಆ ಫ್ರಿಜ್ಜಿನ ಮೇಲೆ ನಿಲ್ಲುವುದಿಲ್ಲ.

ದಡಾರ-ರುಬೆಲ್ಲಾ ಲಸಿಕೆ ಒಣಪುಡಿಯ ರೂಪದಲ್ಲಿ ಬರುತ್ತದೆ. ಒಂದು ಬಾಟಲಿಯಲ್ಲಿ ಐದೋ ಹತ್ತೋ ಡೋಸು. ಜೊತೆಗೆ ಕೊಟ್ಟ ದ್ರವವನ್ನು ಸ್ಥಳದಲ್ಲೇ ಬೆರೆಸಬೇಕು. ಬೆರೆಸಿದ ಕ್ಷಣದಿಂದ ಅದರ ಆಯುಷ್ಯ ನಾಲ್ಕೇ ತಾಸು. ಅದರಲ್ಲಿ ರೋಗಾಣುವನ್ನು ತಡೆಯುವ ಸಂರಕ್ಷಕವಿಲ್ಲ. ಸೂಜಿಯಿಂದಲೋ ಕೈಯಿಂದಲೋ ಒಳಹೋದ ಒಂದು ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ವಿಷ ಉಗುಳುತ್ತದೆ. ಆ ಹನಿ ಕೂಸಿನ ಮೈಗೆ ಹೋದರೆ ಕೆಲವೇ ತಾಸುಗಳಲ್ಲಿ ಜ್ವರ, ವಾಂತಿ, ಭೇದಿ, ಸಾವು. ಹಾಲು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಕಲುಷಿತವಾದ ಲಸಿಕೆ ಕಣ್ಣಿಗೂ ಮೂಗಿಗೂ ತಿಳಿಯದು. ಅದಕ್ಕೇ ನಿಯಮ ಅಷ್ಟು ಕಟ್ಟುನಿಟ್ಟು: ನಾಲ್ಕು ತಾಸು ಆಯಿತೋ, ಶಿಬಿರ ಮುಗಿಯಿತೋ, ಯಾವುದು ಮೊದಲೋ ಆಗ ಬಾಟಲಿ ಎಸೆಯಬೇಕು. ಅದರಲ್ಲಿ ಎಂಟು ಡೋಸು ಉಳಿದಿದ್ದರೂ ಸರಿಯೇ.

ಈಗ ಯೋಚಿಸಿ. ತೆರೆಯದ ಬಾಟಲಿಯನ್ನು ಕೆಟ್ಟ ಫ್ರಿಜ್ಜಿನಲ್ಲಿ ಇಟ್ಟರೆ ಲಸಿಕೆ ಶಕ್ತಿ ಕಳೆದುಕೊಳ್ಳುತ್ತದೆ, ಮಗುವಿಗೆ ರಕ್ಷಣೆ ಸಿಗದೆ ಹೋಗುತ್ತದೆ. ಬಿಸಿ ತಗಲಿದ ಮಾತ್ರಕ್ಕೆ ಅದು ಕೊಲ್ಲುವುದಿಲ್ಲ. ಇಂಥ ಸಾವು ಬರುವುದು ಬೆರೆಸಿದ ಬಾಟಲಿ ಕಲುಷಿತವಾದಾಗ, ಇಲ್ಲವೇ ಬೆರೆಸುವ ದ್ರವವೇ ಅದಲುಬದಲಾದಾಗ. ಬೆರೆಸಿ ಉಳಿಸಿದ ಬಾಟಲಿಯನ್ನು ಹೋಟೆಲಿನಲ್ಲಿ ಇಟ್ಟರೇನು, ಲಕ್ಷ ರೂಪಾಯಿಯ ಶೀತಕದಲ್ಲಿ ಇಟ್ಟರೇನು, ಮರುದಿನ ಅದು ವಿಷವಾಗಿರಬಹುದು. ‘ಹೋಟೆಲ್ ಫ್ರಿಜ್’ ಎಂಬ ಎರಡು ಪದ ತಲೆಬರಹಕ್ಕೆ ಚೆನ್ನಾಗಿ ಒದಗಿದವು. ಅವುಗಳ ಹಿಂದೆ ಮುಚ್ಚಿಹೋದ ಪ್ರಶ್ನೆ ಬೇರೆಯೇ ಇದೆ. ಬೆಳಗ್ಗೆ ಆರೋಗ್ಯ ಕೇಂದ್ರದಿಂದ ಹೊರಟ ಬಾಟಲಿಗಳು ಸಂಜೆ ಏಕೆ ವಾಪಸ್ ಬರಲಿಲ್ಲ? ಬರಲಿಲ್ಲ ಎಂಬುದನ್ನು ಆ ಸಂಜೆ ಯಾರು ನೋಡಿದರು?

ಇದಕ್ಕೆ ವ್ಯವಸ್ಥೆ ಇಲ್ಲದಿಲ್ಲ, ಕಾಗದದ ಮೇಲೆ ಪಕ್ಕಾ ಇದೆ. ಆರೋಗ್ಯ ಕೇಂದ್ರದಲ್ಲಿ ಐಎಲ್‌ಆರ್ ಎಂಬ ಶೀತಕ ಪೆಟ್ಟಿಗೆ. ದಿನಕ್ಕೆ ಎಂಟು ತಾಸು ಕರೆಂಟ್ ಸಿಕ್ಕರೂ ಒಳಗೆ 2ರಿಂದ 8 ಡಿಗ್ರಿ ಕಾಯ್ದುಕೊಳ್ಳುವಂತೆ ಮಾಡಿದ್ದು. ಬೆಳಗ್ಗೆ ನಾಲ್ಕು ಐಸ್‌ಪ್ಯಾಕ್ ಇಟ್ಟ ಕ್ಯಾರಿಯರ್ ಪೆಟ್ಟಿಗೆಯಲ್ಲಿ ಲಸಿಕೆ ಹಳ್ಳಿಗೆ ಹೊರಡಬೇಕು. ಅದನ್ನು ಒಯ್ಯುವವರಿಗೆ ಪ್ರತ್ಯೇಕ ಹಣ ಕೊಡುವ ಪದ್ಧತಿಯೂ ಇದೆ. ಶಿಬಿರ ಮುಗಿದ ದಿನವೇ ಉಳಿದ ತೆರೆಯದ ಬಾಟಲಿ, ಖಾಲಿ ಬಾಟಲಿ, ಬಳಸಿದ ಸಿರಿಂಜ್ ಎಲ್ಲ ಕೇಂದ್ರಕ್ಕೆ ಮರಳಬೇಕು. ಎಷ್ಟು ಹೋಯಿತು, ಎಷ್ಟು ಬಂತು ಎಂದು ಪುಸ್ತಕದಲ್ಲಿ ಬರೆಯಬೇಕು. ದೇಶದ ಯಾವ ಶೀತಕದಲ್ಲಿ ಎಷ್ಟು ಲಸಿಕೆ ಇದೆ ಎಂದು ದಿಲ್ಲಿಯಿಂದಲೇ ಮೊಬೈಲಿನಲ್ಲಿ ನೋಡಬಹುದಾದ ಇ-ವಿನ್ ಎಂಬ ಜಾಲವೂ ಉಂಟು. ಇಷ್ಟೆಲ್ಲ ಇದ್ದೂ ಸಾಲಹಳ್ಳಿಯಿಂದ ಬೋಚಬಾಳಕ್ಕೆ ಹೋದ ಪೆಟ್ಟಿಗೆಯ ಲೆಕ್ಕವನ್ನು ಸಂಜೆ ಕೇಳುವ ಒಬ್ಬ ಮನುಷ್ಯ ಇರಲಿಲ್ಲ! ದಿಲ್ಲಿಗೆ ಕಾಣುವ ಬಾಟಲಿ ಸಾಲಹಳ್ಳಿಗೆ ಕಾಣದೆ ಹೋಯಿತು.

ಆ ವಾರ ಆರೋಗ್ಯ ಇಲಾಖೆಯ ಮೇಲೆ ಏನೆಲ್ಲ ಹೇರಿದ್ದರು ನೆನೆಯಿರಿ. ಜನವರಿ 3ರಿಂದ 15ರಿಂದ 17 ವರ್ಷದವರಿಗೆ ಕೊರೊನಾ ಲಸಿಕೆ. ಜನವರಿ 10ರಿಂದ ಹಿರಿಯರಿಗೆ, ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆ ಡೋಸು. ಮೂರನೇ ಅಲೆ ಏರುತ್ತಿತ್ತು. ಮೇಲಿನಿಂದ ಗುರಿಯ ಮೇಲೆ ಗುರಿ. ಐದು ಸಾವಿರ ಜನಕ್ಕೆ ಒಬ್ಬಳು ಎಂಬ ಲೆಕ್ಕದ ಎಎನ್‌ಎಂ ಸಿಸ್ಟರ್ ಶಾಲೆಯ ಮಕ್ಕಳಿಗೂ ಚುಚ್ಚಬೇಕು, ಮುದುಕರಿಗೂ ಚುಚ್ಚಬೇಕು, ಕೂಸುಗಳಿಗೂ ಚುಚ್ಚಬೇಕು, ರಾತ್ರಿ ಕೂತು ಎಲ್ಲವನ್ನೂ ಪೋರ್ಟಲ್‌ಗೆ ತುಂಬಬೇಕು. ಇದರ ಮೇಲೆ ಬಾಟಲಿಗಳ ಗೊಂದಲ ಬೇರೆ. ಪೆಂಟಾವೇಲೆಂಟ್, ಪೋಲಿಯೊದಂಥ ಕೆಲವನ್ನು ತೆರೆದ ಮೇಲೂ ಸರಿಯಾಗಿ ಕಾಪಾಡಿದರೆ ನಾಲ್ಕು ವಾರ ಬಳಸಬಹುದು. ದಡಾರ, ಬಿಸಿಜಿ ನಾಲ್ಕೇ ತಾಸು. ಒಂದು ಪೆಟ್ಟಿಗೆಯೊಳಗೆ ಎರಡು ಕಾಲಮಾನ. ಡೋಸು ದಂಡವಾದರೆ ಅದಕ್ಕೂ ಲೆಕ್ಕ ಕೊಡಬೇಕು. ಒಂದೇ ಮಗು ಬಂದರೂ ಬಾಟಲಿ ತೆರೆಯಿರಿ ಎನ್ನುತ್ತದೆ ನಿಯಮ, ದಂಡ ಏಕಾಯಿತು ಎನ್ನುತ್ತದೆ ಸಭೆ.

ಇದನ್ನು ಹೇಳಿದರೆ ತಪ್ಪು ಮಾಡಿದವರ ಪರ ವಕಾಲತ್ತು ಎಂದು ಯಾರೂ ತಿಳಿಯಬೇಡಿ. ಕೂಸಿನ ತೋಳಿಗೆ ಸೂಜಿ ಇಳಿಸುವ ಕೈಗೆ ಹೊಣೆ ಇದೆ. ನಿಯಮ ಮುರಿದಿದ್ದರೆ ಶಿಕ್ಷೆ ಆಗಲೇಬೇಕು. ಆದರೆ ಹೊಣೆ ಆ ಕೈಯಲ್ಲೇ ಮುಗಿಯುತ್ತದೆ ಎಂದು ಯಾರು ತೀರ್ಮಾನಿಸಿದರು? ಸಂಜೆಯ ಲೆಕ್ಕ ನೋಡಬೇಕಾದ ಮೇಲ್ವಿಚಾರಕರು ಎಲ್ಲಿದ್ದರು? ಒಬ್ಬಳ ಮೇಲೆ ಮೂರು ಅಭಿಯಾನ ಹೇರಿದ ಸಭೆಯ ನಡಾವಳಿಗೆ ಸಹಿ ಹಾಕಿದವರು ಯಾರು? ಜನ ಸತ್ತಾಗಲೆಲ್ಲ ಕೆಳಗಿನ ಇಬ್ಬರನ್ನು ಕತ್ತರಿಸಿ ಬಿಸಾಡಿ ಮೇಲಿನವರು ಕೈತೊಳೆದುಕೊಳ್ಳುವುದು ತನಿಖೆಯಲ್ಲ, ತಪ್ಪಿಸಿಕೊಳ್ಳುವಿಕೆ.

ಲೋಕಕ್ಕೆ ಈ ಪಾಠ ಹೊಸದೇನಲ್ಲ. 2017ರ ಮೇ ತಿಂಗಳಲ್ಲಿ ದಕ್ಷಿಣ ಸುಡಾನಿನ ಕಪೊಯೆಟಾ ಸೀಮೆಯ ಹಳ್ಳಿಯೊಂದರಲ್ಲಿ ದಡಾರ ಲಸಿಕೆ ಹಾಕಿಸಿಕೊಂಡ 15 ಮಕ್ಕಳು ಸತ್ತರು. ನಾಲ್ಕು ದಿನ ಒಂದೇ ಸಿರಿಂಜ್, ತಂಪಿಲ್ಲದ ಕಟ್ಟಡದಲ್ಲಿ ಲಸಿಕೆ. ಅದು ಯುದ್ಧದಲ್ಲಿ ಬೆಂದ ದೇಶ, ಅಲ್ಲಿ ರಸ್ತೆಯೂ ಇಲ್ಲ, ಕರೆಂಟೂ ಇಲ್ಲ. ನಮ್ಮ ರಾಮದುರ್ಗದಲ್ಲಿ ಎರಡೂ ಇವೆ. ಯಾವ ಯುದ್ಧದ ನೆಪ ಹೇಳುತ್ತೀರಿ?

ಈ ಸೀಮೆಯಲ್ಲಿ ಲಸಿಕೆಗಷ್ಟೇ ಅಲ್ಲ, ಎಲ್ಲ ಔಷಧಕ್ಕೂ ದಾರಿ ಕಷ್ಟವೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಜಿಲ್ಲೆಯ ಈ ನಾಲ್ಕೂ ಊರಿಗೆ ಇಂದಿಗೂ ರೈಲಿಲ್ಲ. ಕಿತ್ತೂರಿನ ಪಕ್ಕದಲ್ಲಿ ಹೆದ್ದಾರಿ ಹಾದುಹೋಗಿದೆ, ಅಷ್ಟು ಮಟ್ಟಿಗೆ ಅದರ ಪುಣ್ಯ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರ್. ಔಷಧವೂ ಅದೇ ರಸ್ತೆಯಲ್ಲಿ ಬರಬೇಕು, ರೋಗಿಯೂ ಅದೇ ರಸ್ತೆಯಲ್ಲಿ ಹೋಗಬೇಕು. ಸರ್ಕಾರಿ ದವಾಖಾನೆಯಾಗಲಿ, ಪೇಟೆಯ ಖಾಸಗಿ ನರ್ಸಿಂಗ್ ಹೋಮ್ ಆಗಲಿ, ಈ ವಿಷಯದಲ್ಲಿ ಭೇದವಿಲ್ಲ. ಹೆರಿಗೆಯಾದ ಹೆಣ್ಣಿನ ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಇನ್ಸುಲಿನ್ ತಂಪಿನಲ್ಲಿ ಬರಬೇಕು. ಹುಚ್ಚುನಾಯಿ ಕಡಿತದ ಲಸಿಕೆಯೂ ಹಾಗೆಯೇ. ಏಪ್ರಿಲ್‌ನ ಬಿಸಿಲಿನಲ್ಲಿ ಸವದತ್ತಿಯ ಬಯಲಲ್ಲಿ ಟೆಂಪೊದೊಳಗೆ ಬೇಯುವ ಪೆಟ್ಟಿಗೆಯ ಉಷ್ಣತೆಯನ್ನು ಯಾರು ಅಳೆಯುತ್ತಾರೆ? ಶಕ್ತಿ ಹೋದ ಆಕ್ಸಿಟೋಸಿನ್ ಕೊಟ್ಟು ರಕ್ತ ನಿಲ್ಲದಿದ್ದರೆ ‘ಬಾಣಂತಿಗೆ ರಕ್ತ ಕಡಿಮೆ ಇತ್ತು’ ಎಂದು ಬರೆದು ಮುಗಿಸಿದರೆ ಕೇಳುವವರು ಯಾರು? ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಕೂಲಿಗೆ ವಿಷನಿರೋಧಕ ಚುಚ್ಚುಮದ್ದು ತಾಸಿನೊಳಗೆ ಸಿಗಬೇಕು. ಹಾವು ಕಡಿತವನ್ನು 2024ರಲ್ಲಿ ಕರ್ನಾಟಕ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು, ಒಳ್ಳೆಯದೇ. ವರದಿ ಬರೆಯುವ ಟೇಬಲ್ಲಿನ ಪಕ್ಕದ ಕಪಾಟಿನಲ್ಲಿ ಮದ್ದು ಇರಬೇಕಲ್ಲ? ಬಡವ ಬಂದಾಗ ‘ಸ್ಟಾಕ್ ಇಲ್ರಿ, ಹೊರಗ ತಗೊಂಡ ಬರ್ರಿ’ ಎಂಬ ಒಂದು ಚೀಟಿ ಕೊಟ್ಟರೆ ಅವನ ವಾರದ ಪಗಾರ ಹೋಯಿತು.

ಸಾಲಹಳ್ಳಿಯಿಂದ ಪಾಠ ಕಲಿತಿದ್ದರೆ ಬಳ್ಳಾರಿ ಆಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಶಂಕೆ ಹೋದದ್ದು ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ತಯಾರಿಸಿದ ರಿಂಗರ್ಸ್ ಲ್ಯಾಕ್ಟೇಟ್ ಸಲೈನಿನ ಮೇಲೆ. ಅದೇ ಕಂಪನಿಯ ಸಲೈನಿನ ಗುಣಮಟ್ಟದ ಬಗ್ಗೆ ಅನುಮಾನ ಮೊದಲೇ ಬಂದಿತ್ತು. ರಾಜ್ಯದ ಪ್ರಯೋಗಾಲಯ ಕೆಲವು ಬ್ಯಾಚುಗಳನ್ನು ಸರಿಯಿಲ್ಲ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿ ಇದೆ ಎಂದಿತ್ತು. ಈ ಜಗ್ಗಾಟದ ನಡುವೆ ಬಾಟಲಿಗಳು ಉಗ್ರಾಣದಿಂದ ಮತ್ತೆ ವಾರ್ಡಿಗೆ ಹೊರಟವು. ಎರಡು ಪ್ರಯೋಗಾಲಯ ಎರಡು ಮಾತು ಹೇಳಿದಾಗ ತಾಯಂದಿರ ರಕ್ತನಾಳಕ್ಕೆ ಬಿಟ್ಟು ಪರೀಕ್ಷಿಸಬೇಕೆ? ಈ ಸಲ ರಾಜ್ಯದ ಔಷಧ ನಿಯಂತ್ರಕರೇ ಅಮಾನತಾದರು. ಮೇಲಿನ ಕುರ್ಚಿಗೆ ಕೈ ಹೋಯಿತು ಎಂಬಷ್ಟೇ ವ್ಯತ್ಯಾಸ. ಅದಕ್ಕೆ ಐದು ಹೆಣ ಬೀಳಬೇಕಾಯಿತು, ಅವು ಹಳ್ಳಿಯ ಹದಿಮೂರು ಹದಿನಾಲ್ಕು ತಿಂಗಳ ಕೂಸುಗಳಲ್ಲದೆ ಇಡೀ ರಾಜ್ಯದ ಕಣ್ಣಿಗೆ ಬಿದ್ದ ಹೆಣಗಳಾಗಬೇಕಾಯಿತು.

ಆ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಬಾಣಂತಿಯರ ಸಾವಿನ ಬಗ್ಗೆ ದೊಡ್ಡ ಗದ್ದಲವಾಯಿತು. 2012ರಲ್ಲಿ ಉದ್ಘಾಟನೆಯಾದ ಆ ಸೌಧ ಇರುವುದು ಇದೇ ಜಿಲ್ಲೆಯಲ್ಲಿ. ಸಾಲಹಳ್ಳಿಯ ಹೆಸರನ್ನು ಅಲ್ಲಿ ಎಷ್ಟು ಜನ ನೆನೆಸಿಕೊಂಡರು? 2024ರ ಅಕ್ಟೋಬರಿನಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದ ಉತ್ಸವ ನಡೆಯಿತು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಬೀಳಿಸಿದ ನೆಲ ಅದು, ಉತ್ಸವ ಆಗಲಿ, ದೀಪ ಹೊತ್ತಲಿ. ಸವದತ್ತಿ ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ ಕೇಂದ್ರ 100 ಕೋಟಿ ರೂಪಾಯಿ ಮಂಜೂರು ಮಾಡಿದ್ದೂ ಅದೇ ವರ್ಷ. ಅಮ್ಮನ ಗುಡ್ಡಕ್ಕೆ ಬರುವ ಬಡ ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕೇ ಬೇಕು. ನನಗೆ ಹೊಟ್ಟೆಕಿಚ್ಚಿಲ್ಲ. ಗುಡ್ಡಕ್ಕೂ ಕೋಟೆಗೂ ಹಣ ಹುಡುಕಿ ತರುವವರಿಗೆ ಸಂಜೆ ಲಸಿಕೆ ಪೆಟ್ಟಿಗೆ ಎಣಿಸುವ ಒಬ್ಬ ಮನುಷ್ಯನ ಪಗಾರ ಏಕೆ ಭಾರವಾಗುತ್ತದೆ ಎಂದು ಕೇಳುತ್ತಿದ್ದೇನೆ.

ಸಾಲಹಳ್ಳಿಯ ಮೂರು ಜೀವಗಳ ಜೊತೆ ಲಸಿಕೆಯ ಮೇಲಿನ ನಂಬಿಕೆಯನ್ನೂ ಕೊಂದಿರಿ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ವಾಟ್ಸಾಪಿನಲ್ಲಿ ಏನೇನೋ ವದಂತಿ ಹರಿದಾಡಿತು. ಮನೆಮನೆಗೆ ಹೋಗಿ ‘ಹೆದರಬ್ಯಾಡ್ರಿ, ನಾ ಇದೀನಿ’ ಎಂದು ತಾಯಂದಿರನ್ನು ಒಪ್ಪಿಸಿದವರು ಆಶಾ, ಅಂಗನವಾಡಿ ಹೆಣ್ಣುಮಕ್ಕಳು. ಅವರ ಮಾತಿಗೆ ಜನ ಕೊಟ್ಟ ಬೆಲೆಯೇ ಈ ಲಸಿಕೆಯ ನಿಜವಾದ ಬಂಡವಾಳ. ಲಸಿಕೆ ಒಳ್ಳೆಯದು, ಅದನ್ನು ಬಿಡಬೇಡಿ ಎಂದು ನಾನೂ ಎದೆತಟ್ಟಿ ಹೇಳುತ್ತೇನೆ. ಹಾಕಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತಾಗ ಕಂಡಿದ್ದೇವೆ. ಆದರೆ ಬೋಚಬಾಳದ ಓಣಿಯಲ್ಲಿ ಅದೇ ಆಶಾ ಇನ್ನೊಂದು ಬಾಗಿಲು ತಟ್ಟಿ ‘ಸೂಜಿ ಮಾಡಿಸ್ರಿ’ ಎಂದು ಯಾವ ಬಾಯಿಂದ ಹೇಳಬೇಕು? ಅವಳ ಮುಖ ಉಳಿಸುವ ಕೆಲಸ ಇಲಾಖೆಯದಲ್ಲವೆ?

ನನ್ನ ಬೇಡಿಕೆಗಳಲ್ಲಿ ಹೊಸ ಯಂತ್ರವಿಲ್ಲ, ಹೊಸ ಆ್ಯಪ್ ಮೊದಲೇ ಇಲ್ಲ. ಸಾಲಹಳ್ಳಿಯ ಸಾವುಗಳ ಪೂರ್ತಿ ತನಿಖಾ ವರದಿಯನ್ನು, ಪ್ರಯೋಗಾಲಯದ ಫಲಿತಾಂಶ ಸಮೇತ, ಆ ಎರಡೂ ಹಳ್ಳಿಗಳ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಲಸಿಕೆ ಹೊರಟ ಪ್ರತಿ ದಿನ ಸಂಜೆ ವಾಪಸ್ ಬಂದ ಬಾಟಲಿಗಳನ್ನು ವೈದ್ಯಾಧಿಕಾರಿ ಸ್ವತಃ ಎಣಿಸಿ ಸಹಿ ಮಾಡಬೇಕು. ಎಸೆದ ಡೋಸಿನ ಬಗ್ಗೆ ಯಾವ ಸಿಸ್ಟರನ್ನೂ ಗದರಿಸಬಾರದು. ಲಸಿಕೆ ದಿನ ಅವರಿಗೆ ಬೇರೆ ಅಭಿಯಾನದ ಕೆಲಸ ಹಚ್ಚಬಾರದು. ಪ್ರಯೋಗಾಲಯಗಳ ನಡುವೆ ಜಗಳವಿರುವ ಬ್ಯಾಚು ಜಗಳ ತೀರುವ ತನಕ ಉಗ್ರಾಣದ ಬಾಗಿಲು ದಾಟಬಾರದು. ನರ್ಸಿಂಗ್ ಹೋಮುಗಳಿಗೆ ಬರುವ ತಂಪಿನ ಔಷಧದ ಪೆಟ್ಟಿಗೆಗಳನ್ನು ಔಷಧ ನಿಯಂತ್ರಣ ಇಲಾಖೆ ಕಚೇರಿಯಲ್ಲಿ ಕೂತು ಪರೀಕ್ಷಿಸದೆ ರಸ್ತೆಯ ಮೇಲೇ ನಿಲ್ಲಿಸಿ ಥರ್ಮಾಮೀಟರ್ ಇಟ್ಟು ನೋಡಬೇಕು.

ಬರುವ ಡಿಸೆಂಬರಿನಲ್ಲಿ ಅಧಿವೇಶನಕ್ಕೆಂದು ಆರೋಗ್ಯ ಸಚಿವರು ಬೆಳಗಾವಿಗೆ ಬಂದೇ ಬರುತ್ತಾರೆ. ಒಂದು ದಿನ ಸದನಕ್ಕೆ ರಜೆ ಹಾಕಿ, ಯಾರಿಗೂ ಮೊದಲೇ ತಿಳಿಸದೆ ಯರಗಟ್ಟಿ ಮಾರ್ಗವಾಗಿ ರಾಮದುರ್ಗದ ರಸ್ತೆ ಹಿಡಿಯಲಿ. ಸಾಲಹಳ್ಳಿಯಲ್ಲಿ ಹೂವಿನ ಹಾರ ತೆಗೆದುಕೊಳ್ಳದೆ ನೇರ ಐಎಲ್‌ಆರ್ ಇರುವ ಕೋಣೆಗೆ ಹೋಗಿ ಮುಚ್ಚಳ ತೆಗೆದು ಉಷ್ಣತೆ ನೋಡಲಿ. ದಿನಕ್ಕೆ ಎರಡು ಸಲ, ರಜಾದಿನವೂ ಬಿಡದೆ ಬರೆಯಬೇಕಾದ ತಾಪಮಾನದ ಪುಸ್ತಕ ಅಲ್ಲೇ ತೂಗುತ್ತಿರುತ್ತದೆ. ಕಳೆದ ನಾಲ್ಕು ಭಾನುವಾರದ ಅಂಕಿಗಳು ಯಾರ ಕೈಬರಹದಲ್ಲಿವೆ, ಅವರು ಆ ದಿನ ಊರಲ್ಲಿದ್ದರೇ ಎಂದು ಕೇಳಲಿ.