ಬೆಕ್ಕಿಗೆ ಬಾಗಿಲು ತೆರೆಯಬೇಕೆ?

ಬೆಂಗಳೂರಿನಲ್ಲಿ ಬೆಕ್ಕಿನ ಮರಿ ದತ್ತು ಕೊಡುವವರು ಈಗ ಸುಲಭಕ್ಕೆ ಒಪ್ಪುವುದಿಲ್ಲ. ಬಾಲ್ಕನಿಯ ಫೋಟೋ ಕಳಿಸಿ ಎನ್ನುತ್ತಾರೆ, ಕಿಟಕಿಗೆ ಜಾಲರಿ ಹಾಕಿಸಿದ್ದೀರಾ ಎಂದು ವಿಚಾರಿಸುತ್ತಾರೆ. ಬೆಕ್ಕನ್ನು ಹೊರಗೆ ಬಿಡುವುದಿಲ್ಲವೆಂದು ಬರೆಸಿಕೊಂಡು ಸಹಿ ಹಾಕಿಸುವವರೂ ಇದ್ದಾರೆ. ಊರಿನಲ್ಲಿ ಬೆಳೆದವರಿಗೆ ಇದೆಲ್ಲ ಅತಿ ಅನ್ನಿಸುತ್ತದೆ. ಅಲ್ಲಿ ಪಕ್ಕದ ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದರೆ, ಅವು ಓಡಾಡುವಷ್ಟಾದ ಮೇಲೆ ಒಂದನ್ನು ಚೀಲದಲ್ಲಿ ತಂದುಕೊಂಡರೆ ಮುಗಿಯಿತು. ಹಗಲು ಎಲ್ಲಿರುತ್ತದೋ ಯಾರೂ ಕೇಳರು, ಊಟದ ಹೊತ್ತಿಗೆ ಬಂದರೆ ಸಾಕು.

ಊರಿನವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಬೆಕ್ಕು ಹುಟ್ಟಾ ಬೇಟೆಗಾರ; ಮನುಷ್ಯನ ಜೊತೆ ಅದರ ನಂಟು ಬೆಳೆದದ್ದೇ ಧಾನ್ಯಕ್ಕೆ ಬರುವ ಇಲಿಗಳಿಂದ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂಡಿಟ್ಟರೆ ಅದು ಮೈ ಬೆಳೆಸುತ್ತದೆ, ಬೇಸರಕ್ಕೆ ಸೋಫಾ ಪರಚುತ್ತದೆ. ಬರೀ ಒಣ ಆಹಾರ ತಿಂದು, ನೀರು ಕಡಿಮೆ ಕುಡಿದು, ದಿನವಿಡೀ ಮಲಗಿರುವ ಗಂಡು ಬೆಕ್ಕುಗಳಲ್ಲಿ ಮೂತ್ರ ಕಟ್ಟಿಕೊಳ್ಳುವ ಅಪಾಯ ಹೆಚ್ಚು. ಇದನ್ನು ಗಮನಿಸದೆ ಬಿಟ್ಟರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ. ಒಳಗಿದ್ದರೆ ಕ್ಷೇಮ ಎನ್ನುವವರು ಈ ಕಡೆಯ ಲೆಕ್ಕವನ್ನು ಅಷ್ಟಾಗಿ ಹೇಳುವುದಿಲ್ಲ.

ಆದರೆ ಹೊರಗಿನ ಲೆಕ್ಕ ಇದಕ್ಕಿಂತ ಕಠಿಣ. ವಾಹನ, ಬೀದಿನಾಯಿ, ವಿಷ ತಿಂದ ಇಲಿ ಎಲ್ಲರಿಗೂ ಗೊತ್ತಿರುವ ಅಪಾಯಗಳು. ಅಷ್ಟಾಗಿ ಗೊತ್ತಿಲ್ಲದ್ದು ಪ್ಯಾನ್‌ಲ್ಯೂಕೋಪೇನಿಯಾ. ವಾಂತಿ ಭೇದಿಯಿಂದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಈ ಕಾಯಿಲೆಯ ವೈರಸ್ಸು ನೆಲದಲ್ಲಿ, ಪಾತ್ರೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು. ಹಾಗಾಗಿ ಹಿಂದಿನ ಮರಿ ಈ ರೋಗದಿಂದ ಸತ್ತ ಮನೆಗೆ ಲಸಿಕೆ ಮುಗಿಯದ ಮರಿಯನ್ನು ತರಲೇಬಾರದು. ಮೊದಲ ಲಸಿಕೆ 6ರಿಂದ 8 ವಾರಕ್ಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬೀಸ್ ಲಸಿಕೆ ಬೇರೆ. ಹೊರಗೆ ಬಿಟ್ಟ ಬೆಕ್ಕಿನಿಂದ ಹಕ್ಕಿಗಳಿಗೂ ಕುತ್ತು. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಧ್ಯಯನವೊಂದು ಅಂದಾಜಿಸಿತು.

ಎತ್ತರದಿಂದ ಬಿದ್ದರೂ ಬೆಕ್ಕಿಗೆ ಏನೂ ಆಗದು ಎಂಬ ನಂಬಿಕೆಯ ಬಗ್ಗೆ ಒಂದು ಮಾತು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದ್ದವು. ಎಲ್ಲರೂ ನೆನಪಿಟ್ಟುಕೊಂಡಿದ್ದು ಇದಷ್ಟನ್ನೇ. ಬಿದ್ದ ಜಾಗದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅವು ಲೆಕ್ಕಕ್ಕೂ ಬರುವುದಿಲ್ಲ. ಬದುಕಿದವುಗಳಲ್ಲೂ ಎದೆಗೆ ಪೆಟ್ಟು ಬಿದ್ದವು, ದವಡೆ ಮುರಿದವು ಬಹಳ ಇದ್ದವು.

ಹಾಗಾಗಿ ಮಹಡಿ ಮನೆಯ ಮಟ್ಟಿಗೆ ನನಗೆ ಎರಡನೇ ಯೋಚನೆ ಇಲ್ಲ, ಜಾಲರಿ ಬೇಕೇ ಬೇಕು. ಪಾರಿವಾಳ ತಡೆಯಲು ಕಟ್ಟಿದ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು, ಲೋಹದ ಜಾಲರಿಯೇ ವಾಸಿ. ಆದರೆ ಹಿತ್ತಲಿರುವ, ರಸ್ತೆ ದೂರವಿರುವ ತೋಟದ ಮನೆಗೂ ಇದೇ ಷರತ್ತು ಹೇರುವುದು ಮೊಂಡುತನ. ಅಲ್ಲಿ ಲಸಿಕೆಯೂ ಸಂತಾನಹರಣ ಚಿಕಿತ್ಸೆಯೂ ಮುಗಿದಿದ್ದರೆ, ರಾತ್ರಿ ಒಳಗೆ ಕರೆದುಕೊಳ್ಳುವ ರೂಢಿಯಿದ್ದರೆ, ಬಾಗಿಲು ತೆರೆದಿಡುವುದು ಒಪ್ಪಬಹುದಾದ ಮಾತು. ಚಿಕಿತ್ಸೆಯನ್ನು ಮಾತ್ರ ಮುಂದೂಡುವಂತಿಲ್ಲ. ನಾಲ್ಕೈದು ತಿಂಗಳಿಗೇ ಹೆಣ್ಣು ಮರಿ ಬೆದೆಗೆ ಬರಬಹುದು, ಗಬ್ಬವಾದರೆ ಒಂಬತ್ತೇ ವಾರದಲ್ಲಿ ಹೊಸ ಮರಿಗಳು.

ಯಾವುದಾದರೂ ಸರಿ, ಬೆಕ್ಕು ಮನೆಗೆ ಬರುವ ಮೊದಲೇ ತೀರ್ಮಾನವಾಗಬೇಕು. ಹೊರಗಿನ ರುಚಿ ಕಂಡ ಮೇಲೆ ಬಾಗಿಲು ಹಾಕಿದರೆ ಅದು ರಾತ್ರಿಯಿಡೀ ಕೂಗಿ ಮನೆಯವರನ್ನೇ ಸೋಲಿಸುತ್ತದೆ. ಒಳಗಿಡುವುದಾದರೆ ಏಕಾಂತದ ಮೂಲೆಯಲ್ಲಿ ಮರಳಿನ ತಟ್ಟೆ, ಹತ್ತಿ ಕೂರಲು ಎತ್ತರದ ಜಾಗ, ಪರಚಲು ಗೋಣಿ ಸುತ್ತಿದ ಕಂಬ, ಸಂಜೆ ಜೊತೆಗೆ ಆಡಲು ಯಾರಾದರೂ ಬೇಕು. ಆಡುವವರಿಲ್ಲದ ಮನೆಗೆ ಒಂದರ ಬದಲು ಒಂದೇ ತಾಯಿಯ ಎರಡು ಮರಿ ತರುವುದು ಮೇಲು. ಖರ್ಚು ಇಮ್ಮಡಿಯಾಗುತ್ತದೆ ಎಂಬುದೂ ನಿಜ. ಹಾಲನ್ನದ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸದಲ್ಲಿದೆ, ಅಕ್ಕಿ ಬೇಳೆಯಲ್ಲಿಲ್ಲ. ಅದು ಸಿಗದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಒಗ್ಗುವುದಿಲ್ಲ. ಅಡುಗೆಮನೆಗೆ ಮೀನು ತರಲಾಗದವರು ಅಂಗಡಿಯ ಪೊಟ್ಟಣ ತರಬಹುದು. ಅದರಲ್ಲೂ ಇರುವುದು ಮಾಂಸವೇ; ಅದೂ ಒಪ್ಪದಿದ್ದರೆ ಬೇರೆ ಪ್ರಾಣಿ ಸಾಕುವುದು ಒಳ್ಳೆಯದು.

ಉಳಿಯುವುದು ಬೀದಿಯಲ್ಲೇ ಬೆಳೆದ ದೊಡ್ಡ ಬೆಕ್ಕಿನ ವಿಷಯ. ಮೆಟ್ಟಿಲ ಬಳಿ ಬಂದು ಕಾಲಿಗೆ ಮೈ ಉಜ್ಜುವ ಬೆಕ್ಕು ಒಳಗೆ ಒಗ್ಗಿಕೊಂಡೀತು, ಪ್ರಯತ್ನಿಸಬಹುದು. ಮನುಷ್ಯರನ್ನು ಕಂಡರೆ ಕಾರಿನಡಿ ನುಸುಳುವುದನ್ನು ಹಿಡಿದು ತಂದರೆ ತಿಂಗಳುಗಟ್ಟಲೆ ಮಂಚದ ಕೆಳಗೇ ಕೂತಿರುತ್ತದೆ. ಅಂಥದ್ದಕ್ಕೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಅದೇ ಬೀದಿಗೆ ಬಿಟ್ಟು ಗೇಟಿನ ಬಳಿ ದಿನಾ ಊಟ ಇಡುವುದೇ ಸರಿ. ದತ್ತು ಪತ್ರಕ್ಕೆ ಸಹಿ ಹಾಕಿಸುವವರೂ ಇಷ್ಟನ್ನು ಒಪ್ಪಿಯಾರು.